ಡಬ್ಲಿನ್‌ನ ಕಿಲ್ಮೇನಮ್ ಕೌಂಟಿ ಜೈಲು: ಕಟ್ಟಿದವರು, ಒಳಗಿದ್ದವರು, ಉಳಿಸಿಕೊಂಡವರು

ಲಿಫಿ ದಂಡೆ

ಡಬ್ಲಿನ್‌ಗೆ ಬರುವ ನಮ್ಮವರು ಸಾಮಾನ್ಯವಾಗಿ ಕಿಲ್ಮೇನಮ್ ಜೈಲು ನೋಡದೆ ಹೋಗುವುದಿಲ್ಲ. ನೋಡಿ ಬಂದವರ ಬಾಯಲ್ಲಿ ಬ್ರಿಟಿಷರ ವಿರುದ್ಧ ಎದ್ದ 1916ರ ಬಂಡಾಯದ ಮಾತು, ಗುಂಡಿಗೆ ಎದೆಯೊಡ್ಡಿದ ನಾಯಕರ ಮಾತು. ಅದು ದೊಡ್ಡ ಕಥೆಯೇ, ಸುಳ್ಳಲ್ಲ. ಆದರೆ ಅದು ನಡೆದದ್ದು ಕಟ್ಟಡಕ್ಕೆ ನೂರ ಇಪ್ಪತ್ತು ವರ್ಷ ತುಂಬುವ ಹೊತ್ತಿಗೆ. ಅದಕ್ಕೂ ಮುಂಚೆ ಅದು ಡಬ್ಲಿನ್ ಕೌಂಟಿಯ ಜೈಲು. ಕೌಂಟಿ ಅಂದರೆ ಹೆಚ್ಚು ಕಡಿಮೆ ನಮ್ಮ ಜಿಲ್ಲೆ. ಚಿಲ್ಲರೆ ಕಳ್ಳರು, ಸಾಲ ತೀರಿಸಲಾಗದವರು, ಭಿಕ್ಷೆ ಬೇಡಿ ಸಿಕ್ಕಿಬಿದ್ದವರು ಬಂದು ಸೇರುತ್ತಿದ್ದ ಜಾಗ. ಅವರ ಬಗ್ಗೆ ಯಾರೂ ಜಾಸ್ತಿ ಮಾತಾಡುವುದಿಲ್ಲ. ಆಮೇಲೆ ಆ ಕಟ್ಟಡ ನೆಲಕ್ಕೆ ಬೀಳದೆ ಉಳಿದದ್ದು ಹೇಗೆ ಅನ್ನುವುದೂ ಅಷ್ಟೇ. ಎರಡನ್ನೂ ಇಲ್ಲಿ ಒಟ್ಟಿಗೆ ಬರೆದಿಡೋಣ ಅಂತ ಶುರು ಮಾಡಿದ್ದೇನೆ. ಗೊತ್ತಿರುವವರು ಸೇರಿಸಿ.

ಜೈಲು ಬಾಗಿಲು ತೆರೆದದ್ದು 1796ರಲ್ಲಿ. ಹತ್ತಿರದಲ್ಲೇ ಒಂದು ಹಳೇ ಜೈಲಿತ್ತು. ಅದು ಗಬ್ಬೆದ್ದು, ಖಾಯಿಲೆಯ ಗೂಡಾಗಿತ್ತು. ಆಗ ಜಾನ್ ಹೋವರ್ಡ್ ಅನ್ನುವ ಇಂಗ್ಲಿಷ್ ಸುಧಾರಕ ಊರೂರು ಸುತ್ತಿ ಜೈಲುಗಳ ಸ್ಥಿತಿ ನೋಡಿ ವರದಿ ಬರೆಯುತ್ತಿದ್ದ. ಐರ್ಲೆಂಡಿಗೂ ಬಂದಿದ್ದ. ಗಾಳಿ ಬೆಳಕು ಇರಲಿ, ಕೈದಿಗಳನ್ನು ಬೇರೆ ಬೇರೆ ಇಡಿ, ಜೈಲರ್ ಕೈದಿಗಳ ಹತ್ತಿರ ದುಡ್ಡು ಕೀಳುವುದು ನಿಲ್ಲಲಿ ಅಂತ ಅವನು ಹೇಳುತ್ತಿದ್ದ. ಆ ಗಾಳಿ ಬೀಸುತ್ತಿದ್ದಾಗಲೇ ಈ 'ಹೊಸ ಜೈಲು' ಎದ್ದದ್ದು. ಜಾಗ ಮಾತ್ರ ಹಿಂದೆ ಗಲ್ಲಿಗೇರಿಸುತ್ತಿದ್ದ ದಿಬ್ಬ.

ನಡೆಸುತ್ತಿದ್ದವರು ಯಾರು ಅನ್ನುವುದು ಮುಖ್ಯ. ದೇಶದ ಸರ್ಕಾರ ಅಲ್ಲ, ಕೌಂಟಿಯ ಗ್ರ್ಯಾಂಡ್ ಜ್ಯೂರಿ. ಅಂದರೆ ಊರಿನ ದೊಡ್ಡ ಜಮೀನ್ದಾರರ ಗುಂಪು. ರಸ್ತೆ, ಸೇತುವೆ, ಜೈಲು ಎಲ್ಲ ಅವರ ಕೈಯಲ್ಲಿ. ಖರ್ಚಿಗೆ ಕೌಂಟಿಯ ಜನರ ಮೇಲೆ ತೆರಿಗೆ. ಜೈಲಿಗೆ ಜಾಸ್ತಿ ದುಡ್ಡು ಸುರಿಯುವ ಮನಸ್ಸು ಯಾರಿಗಿರುತ್ತದೆ? ಹಾಗಾಗಿ ಸುಧಾರಣೆಯ ಹೆಸರಲ್ಲಿ ಕಟ್ಟಿದ್ದು ಬೇಗ ಹಳೇ ದಾರಿಗೇ ಬಂತು. ಒಂದು ಕೋಣೆಗೆ ಹಲವರು. ಗಂಡಸರು, ಹೆಂಗಸರು, ಮಕ್ಕಳು ಅನ್ನುವ ಭೇದವೂ ಸರಿಯಾಗಿ ಇರಲಿಲ್ಲ. ಕಿಟಕಿಗೆ ಗಾಜಿಲ್ಲ, ಬೆಳಕಿಗೂ ಬಿಸಿಗೂ ಒಂದೇ ಮೇಣದ ಬತ್ತಿ. ಡಬ್ಲಿನ್ ಚಳಿ ಗೊತ್ತಿರುವವರಿಗೆ ಇದರ ಅರ್ಥ ಬಿಡಿಸಿ ಹೇಳಬೇಕಾಗಿಲ್ಲ.

1877ರಲ್ಲಿ ಕಾನೂನು ಬದಲಾಗಿ ಐರ್ಲೆಂಡಿನ ಜೈಲುಗಳೆಲ್ಲ ಒಂದೇ ಮಂಡಳಿಯ ಕೆಳಗೆ ಬಂದವು. ಅಲ್ಲಿಯವರೆಗೂ ಇದು ಪಕ್ಕಾ ಕೌಂಟಿ ಜೈಲೇ.

ಸಾಗರದ ಸೊಸೆ

ಒಳ್ಳೇ ವಿಷಯ ಎತ್ತಿದ್ದೀರಿ. ನಾವು ಹೋದಾಗ ಬಾಗಿಲ ಮೇಲಿನ ಕೆತ್ತನೆ ನೋಡಿ ನಮ್ಮ ಮಗಳು ಕಾಲು ಕಿತ್ತಿಡಲಿಲ್ಲ. ಐದು ಸರ್ಪಗಳು ಒಂದಕ್ಕೊಂದು ಹೆಣೆದುಕೊಂಡಿವೆ, ಕುತ್ತಿಗೆಗೆ ಸರಪಳಿ ಬಿಗಿದಿದೆ. ಬಾಗಿಲ ಸುತ್ತಲಿನ ಕಲ್ಲು ಹುಳ ಕೊರೆದ ಹಾಗೆ ಒರಟು ಒರಟಾಗಿದೆ. ಒಳಗೆ ಬರುವವರ ಎದೆ ನಡುಗಲಿ ಅಂತಲೇ ಮಾಡಿಸಿದ್ದಾರೆ.

ಮಕ್ಕಳೂ ಇದ್ದರು ಅಂತ ಗೈಡ್ ಹೇಳಿದಾಗ ಅವಳು "ಏನು ತಪ್ಪು ಮಾಡಿದ್ರು?" ಅಂತ ಕೇಳಿದಳು. ನನಗೆ ಉತ್ತರ ಹೊಳೆಯಲಿಲ್ಲ. ಆಲೂಗಡ್ಡೆ ಬರಗಾಲದ ಕಾಲದಲ್ಲಿ ಅಲ್ಲಿ ಏನಾಯಿತು ಅಂತ ಸ್ವಲ್ಪ ಬಿಡಿಸಿ ಬರೆಯುತ್ತೀರಾ?

ಲಿಫಿ ದಂಡೆ

ಬರೆಯುತ್ತೇನೆ ಅಕ್ಕ. ನನಗೆ ಇಡೀ ಜೈಲಿನಲ್ಲಿ ಹೆಚ್ಚು ಕಾಡುವ ಭಾಗವೇ ಅದು.

1845ರಲ್ಲಿ ಆಲೂಗಡ್ಡೆ ಬೆಳೆಗೆ ರೋಗ ಬಿತ್ತು. ಬಡವರ ಊಟವೇ ಆಲೂಗಡ್ಡೆ. ಮುಂದಿನ ವರ್ಷಗಳಲ್ಲಿ ಸುಮಾರು ಹತ್ತು ಲಕ್ಷ ಜನ ಹಸಿವು ಮತ್ತು ಜ್ವರಕ್ಕೆ ಸತ್ತರು. ಇನ್ನೂ ಹೆಚ್ಚು ಜನ ಹಡಗು ಹತ್ತಿದರು. ಹಳ್ಳಿಯವರು ಡಬ್ಲಿನ್‌ಗೆ ನುಗ್ಗಿದರು. ಬೇಡದೆ ಬೇರೆ ದಾರಿ ಇರಲಿಲ್ಲ. 1847ರಲ್ಲಿ ಸರ್ಕಾರ ಅಲೆಮಾರಿಗಳ ಮೇಲೆ ಕಾಯ್ದೆ ತಂದು ಬೇಡುವುದನ್ನೇ ಅಪರಾಧ ಮಾಡಿತು. ಜೈಲು ತುಂಬಿ ತುಳುಕಿತು. ಕೋಣೆ ಸಾಲದೆ ಹೆಂಗಸರನ್ನು ಓಣಿಯಂಥ ದಾರಿಯಲ್ಲಿ ಹುಲ್ಲು ಹಾಸಿ ಮಲಗಿಸುತ್ತಿದ್ದರು.

ಇನ್ನೊಂದು ಸಂಗತಿ ಇದೆ. ಜೈಲಿನಲ್ಲಿ ಏನೇ ಇಲ್ಲದಿದ್ದರೂ ಹೊತ್ತಿಗೆ ಒಂದಿಷ್ಟು ಊಟ ಇತ್ತು. ಹೊರಗೆ ಅದೂ ಇಲ್ಲ. ಹಾಗಾಗಿ ಬೇಕಂತಲೇ ಸಣ್ಣ ಕಳ್ಳತನ ಮಾಡಿ ಒಳಗೆ ಬಂದವರಿದ್ದರು. ನಿಮ್ಮ ಮಗಳ ಪ್ರಶ್ನೆಗೆ ಉತ್ತರ ಇದೇ ಅನ್ನಿಸುತ್ತದೆ. ತಪ್ಪು ಅಂದರೆ ಹಸಿದದ್ದು.

ದೊಡ್ಡ ಶಿಕ್ಷೆ ಆದವರನ್ನು ಇಲ್ಲಿ ಕೂಡಿಹಾಕಿ, ಹಡಗು ಬಂದಾಗ ಆಸ್ಟ್ರೇಲಿಯಾಕ್ಕೆ ಸಾಗಿಸುತ್ತಿದ್ದರು. ಇವತ್ತಿಗೂ ಆಸ್ಟ್ರೇಲಿಯಾದಿಂದ ಮೊಮ್ಮಕ್ಕಳ ಮೊಮ್ಮಕ್ಕಳು ಹೆಸರು ಹುಡುಕಿಕೊಂಡು ಇಲ್ಲಿಗೆ ಬರುತ್ತಾರೆ.

ಬರಗಾಲಕ್ಕೂ ಮುಂಚಿನ ಒಬ್ಬ ಹೆಂಗಸಿನ ಹೆಸರು ಹೇಳಲೇಬೇಕು. ಆ್ಯನ್ ಡೆವ್ಲಿನ್. 1803ರಲ್ಲಿ ಬಂಡಾಯ ಎದ್ದ ರಾಬರ್ಟ್ ಎಮೆಟ್‌ನ ಮನೆ ನೋಡಿಕೊಳ್ಳುತ್ತಿದ್ದವಳು. ಎಮೆಟ್ ಎಲ್ಲಿದ್ದಾನೆ ಹೇಳು ಅಂತ ಸಿಪಾಯಿಗಳು ಅವಳ ಕುತ್ತಿಗೆಗೆ ಹಗ್ಗ ಹಾಕಿ ಅರ್ಧ ಜೀವ ಹೋಗುವವರೆಗೂ ಮೇಲೆತ್ತಿದರು. ಬಾಯಿ ಬಿಡಲಿಲ್ಲ. ಅವಳ ಇಡೀ ಮನೆಯವರನ್ನು ತಂದು ಜೈಲಿಗೆ ಹಾಕಿದರು, ಚಿಕ್ಕ ತಮ್ಮ ಜೈಲಿನಲ್ಲಿ ಹಿಡಿದ ಖಾಯಿಲೆಗೆ ತೀರಿಕೊಂಡ. ಆಗಲೂ ಬಾಯಿ ಬಿಡಲಿಲ್ಲ. ಎಮೆಟ್‌ಗೆ ಅದೇ ವರ್ಷ ಸೆಪ್ಟೆಂಬರ್‌ನಲ್ಲಿ ಗಲ್ಲಾಯಿತು. ಇವಳು ಹೊರಗೆ ಬಂದದ್ದು 1806ರಲ್ಲಿ. 1851ರಲ್ಲಿ ಬಡತನದಲ್ಲೇ ಸತ್ತಳು. ಎಮೆಟ್‌ನ ಮೇಲೆ ಹಾಡುಗಳಿವೆ, ಪ್ರತಿಮೆಗಳಿವೆ. ಈಕೆಯ ಹೆಸರು ನಮ್ಮಲ್ಲಿ ಬರುವವರಿಗೆ ಗೊತ್ತೇ ಇರುವುದಿಲ್ಲ.

ಕಲ್ಲುಚಪ್ಪಡಿ

ನಾನು ಹಳೇ ಕಟ್ಟಡಗಳ ದುರಸ್ತಿ ಕೆಲಸದಲ್ಲಿರುವವನು. ಕಟ್ಟಡದ ಕಡೆಯಿಂದ ನಾಲ್ಕು ಮಾತು.

ಕಿಲ್ಮೇನಮ್‌ನಲ್ಲಿ ಎರಡು ಜೈಲುಗಳಿವೆ ಅಂತಲೇ ಹೇಳಬಹುದು. ಪಶ್ಚಿಮದ ಭಾಗ 1796ರ ಕಾಲದ್ದು. ದಾರಿ ಇಕ್ಕಟ್ಟು, ಕತ್ತಲೆ, ಗೋಡೆ ಮುಟ್ಟಿದರೆ ತೇವ. ಪೂರ್ವದ ಭಾಗಕ್ಕೆ ಕಾಲಿಟ್ಟರೆ ಬೇರೆ ಯುಗ. ಅದು ಬಳಕೆಗೆ ಬಂದದ್ದು 1862ರಲ್ಲಿ, ವಿನ್ಯಾಸ ಜಾನ್ ಮಕರ್ಡಿ ಅವರದು. ಕುದುರೆ ಲಾಳದ ಹಾಗೆ ಬಾಗಿದ ಎತ್ತರದ ಹಜಾರ. ಸುತ್ತ ಮೂರು ಅಂತಸ್ತಿನಲ್ಲಿ 96 ಕೋಣೆ. ನಡುವೆ ಕಬ್ಬಿಣದ ಮೆಟ್ಟಿಲು, ತಲೆಯ ಮೇಲೆ ಉದ್ದಕ್ಕೂ ಗಾಜಿನ ಸೂರು. ಕೆಳಗೆ ಒಂದು ಕಡೆ ನಿಂತರೆ ಕಾವಲುಗಾರನಿಗೆ ಎಲ್ಲ ಬಾಗಿಲೂ ಕಾಣುತ್ತವೆ. ಪ್ರತಿ ಬಾಗಿಲಿಗೂ ಇಣುಕುವ ತೂತು. ಕೈದಿಗೆ ಮಾತ್ರ ಯಾರು ಯಾವಾಗ ನೋಡುತ್ತಿದ್ದಾರೆ ಅಂತ ತಿಳಿಯುವುದಿಲ್ಲ.

ಆ ಕಾಲದ ನಂಬಿಕೆ ಏನು ಅಂದರೆ, ಕೈದಿಯನ್ನು ಒಬ್ಬನೇ ಇಟ್ಟು, ಮಾತೇ ಆಡದ ಹಾಗೆ ಮಾಡಿದರೆ ಅವನು ತನ್ನ ಪಾಪ ನೆನೆದು ಒಳ್ಳೆಯವನಾಗುತ್ತಾನೆ ಅಂತ. ಲಂಡನ್‌ನ ಪೆಂಟನ್‌ವಿಲ್ ಜೈಲಿನಲ್ಲಿ 1842ರಿಂದ ಇದನ್ನೇ ಮಾಡಿ ನೋಡುತ್ತಿದ್ದರು. ಕೋಣೆಯ ಕಿಟಕಿ ಕೈಗೆಟುಕದಷ್ಟು ಮೇಲೆ ಇಟ್ಟಿದ್ದೂ ಅದಕ್ಕೇ. ಬೆಳಕು ಬೇಕಾದರೆ ತಲೆ ಎತ್ತಬೇಕು, ತಲೆ ಎತ್ತಿದರೆ ದೇವರ ನೆನಪಾಗಬೇಕು. ಇಂಥ ಒಂಟಿತನದಿಂದ ಮನಸ್ಸು ಕೆಟ್ಟವರೇ ಜಾಸ್ತಿ ಅಂತ ಆಮೇಲೆ ಗೊತ್ತಾಯಿತು. ಹಜಾರ ಚೆಂದ ಇದೆ, ಅನುಮಾನವೇ ಇಲ್ಲ. ಎಲ್ಲರೂ ಫೋಟೊ ತೆಗೆಯುವುದೂ ಅಲ್ಲೇ. ಆದರೆ ದಯವಿಟ್ಟು ಒಂದು ಕೋಣೆಯ ಒಳಗೆ ಹೋಗಿ, ಬಾಗಿಲ ಕಡೆ ಮುಖ ಮಾಡಿ ಸ್ವಲ್ಪ ಹೊತ್ತು ನಿಂತು ನೋಡಿ. ಆಗ ಆ ವಿನ್ಯಾಸದ ಉದ್ದೇಶ ಅರ್ಥವಾಗುತ್ತದೆ.

ನಮ್ಮ ಬೆಂಗಳೂರಿನ ಹಳೇ ಸೆಂಟ್ರಲ್ ಜೈಲಿನಲ್ಲೂ ಇದೇ ಯೋಚನೆ. ನಡುವೆ ಕಾವಲು ಗೋಪುರ, ಸುತ್ತ ಚಕ್ರದ ಅರಗಳ ಹಾಗೆ ಬ್ಯಾರಕ್. ಈಗಿನ ಫ್ರೀಡಂ ಪಾರ್ಕ್‌ನಲ್ಲಿ ಆ ಗೋಪುರ ಇನ್ನೂ ನಿಂತಿದೆ.

ಹಳೇಪೇಟೆ

ಪಾರ್ನೆಲ್ ಕೂಡ ಇಲ್ಲೇ ಇದ್ದದ್ದು ಅಲ್ವಾ? ಅವರ ವಿಷಯ ಬರಲೇ ಇಲ್ಲ.

ಲಿಫಿ ದಂಡೆ

ಇಲ್ಲೇ. 1881ರ ಅಕ್ಟೋಬರ್‌ನಿಂದ 1882ರ ಮೇ ವರೆಗೆ. ರೈತರ ಗೇಣಿ ಹೋರಾಟದ ನಾಯಕ. ಅವರಿಗೆ ಜೈಲಿನಲ್ಲಿ ಒಳ್ಳೇ ಕೋಣೆ, ಮೇಜು ಕುರ್ಚಿ, ಬೆಂಕಿಗೂಡು ಎಲ್ಲ ಇತ್ತು. ಸಾಮಾನ್ಯ ಕೈದಿಯ ಬದುಕಿಗೂ ಇದಕ್ಕೂ ಅಜಗಜಾಂತರ. ಒಳಗಿಂದಲೇ ಅವರೂ ಜೊತೆಯವರೂ ಗೇಣಿ ಕೊಡಬೇಡಿ ಅಂತ ಕರೆ ಕೊಟ್ಟರು. ಕೊನೆಗೆ ಬ್ರಿಟಿಷ್ ಪ್ರಧಾನಿ ಗ್ಲ್ಯಾಡ್‌ಸ್ಟನ್ ಜೊತೆ ಒಪ್ಪಂದ ಆಗಿ ಮೇ 2ಕ್ಕೆ ಹೊರಗೆ ಬಂದರು. ಇತಿಹಾಸದಲ್ಲಿ ಅದಕ್ಕೆ ಕಿಲ್ಮೇನಮ್ ಒಪ್ಪಂದ ಅಂತಲೇ ಹೆಸರು.

ನಾಲ್ಕು ದಿನ ಕಳೆಯುವುದರೊಳಗೆ ಫೀನಿಕ್ಸ್ ಪಾರ್ಕ್‌ನಲ್ಲಿ ಇಬ್ಬರು ದೊಡ್ಡ ಅಧಿಕಾರಿಗಳ ಕೊಲೆಯಾಯಿತು. ಮಾಡಿದ್ದು ಇನ್ವಿನ್ಸಿಬಲ್ಸ್ ಅನ್ನುವ ಗುಪ್ತ ಗುಂಪು. ಮರುವರ್ಷ ಅವರಲ್ಲಿ ಐದು ಜನರನ್ನು ಇದೇ ಜೈಲಿನ ಅಂಗಳದಲ್ಲಿ ಗಲ್ಲಿಗೇರಿಸಿದರು. ಒಪ್ಪಂದ ಹುಟ್ಟಿದ ಗೋಡೆಗಳ ನಡುವೆಯೇ ಅದಾಯಿತು.

ಮೇಷ್ಟ್ರು ಧಾರವಾಡ

ಚರ್ಚೆ ಚೆನ್ನಾಗಿ ನಡೆದಿದೆ ನೋಡ್ರಿ. 1916ರ ಬಗ್ಗೆ ನಾನು ಸ್ವಲ್ಪ ಬರೆಯುತ್ತೇನೆ, ಯಾಕಂದರೆ ಅಲ್ಲಿ ನಮ್ಮ ರಾಜ್ಯಕ್ಕೂ ಒಂದು ಎಳೆ ಇದೆ.

ಜೈಲು 1910ರಲ್ಲೇ ಮುಚ್ಚಿತ್ತು. ಆಮೇಲೆ ಸೈನ್ಯದವರು ಬಳಸುತ್ತಿದ್ದರು. 1916ರ ಈಸ್ಟರ್ ವಾರದಲ್ಲಿ ಡಬ್ಲಿನ್‌ನಲ್ಲಿ ಬಂಡಾಯ ಆಗಿ, ಆರು ದಿನದಲ್ಲಿ ಅದು ಅಡಗಿದ ಮೇಲೆ ಸಿಕ್ಕಿಬಿದ್ದ ನೂರಾರು ಜನರನ್ನು ಇಲ್ಲಿ ತುಂಬಿದರು. ಮೇ 3ರಿಂದ 12ರ ನಡುವೆ ಹದಿನಾಲ್ಕು ಜನರನ್ನು ಕಲ್ಲು ಒಡೆಯುವ ಅಂಗಳದಲ್ಲಿ ನಿಲ್ಲಿಸಿ ಗುಂಡಿಟ್ಟರು. ಮೊದಲ ದಿನ ಪ್ಯಾಟ್ರಿಕ್ ಪಿಯರ್ಸ್, ಟಾಮ್ ಕ್ಲಾರ್ಕ್, ಥಾಮಸ್ ಮಕ್‌ಡೊನಾ. ಕೊನೆಯ ದಿನ ಶಾನ್ ಮಕ್‌ಡರ್ಮಟ್ ಮತ್ತು ಜೇಮ್ಸ್ ಕಾನೊಲಿ. ದಿನಕ್ಕೆ ಇಷ್ಟಿಷ್ಟು ಅಂತ ಹತ್ತು ದಿನ ಎಳೆದದ್ದೇ ಬ್ರಿಟಿಷರಿಗೆ ಮುಳುವಾಯಿತು. ಬಂಡಾಯಗಾರರನ್ನು ಬೈದಿದ್ದ ಜನರೇ ಆ ಹತ್ತು ದಿನದಲ್ಲಿ ಅವರ ಕಡೆ ತಿರುಗಿದರು.

ಈಗ ನಮ್ಮ ಎಳೆ. ಆಗ ಡಬ್ಲಿನ್‌ನಲ್ಲಿ ಕಾನೂನು ಓದುತ್ತಿದ್ದ ಭಾರತೀಯ ಹುಡುಗರಲ್ಲಿ ವಿ.ವಿ. ಗಿರಿ ಒಬ್ಬರು. 1913ರಲ್ಲಿ ಹೋಗಿದ್ದರು. ಬಂಡಾಯದ ಜನರ ಜೊತೆ ನಂಟಿದೆ ಅನ್ನುವ ಅನುಮಾನದ ಮೇಲೆ 1916ರಲ್ಲಿ ಅವರಿಗೆ ದೇಶ ಬಿಡಲು ಆದೇಶ ಬಂತು. ವಾಪಸ್ ಬಂದು ಕಾರ್ಮಿಕ ಸಂಘಟನೆಗೆ ಇಳಿದರು. ಮುಂದೆ ರಾಷ್ಟ್ರಪತಿ ಆದದ್ದು ಎಲ್ಲರಿಗೂ ಗೊತ್ತು. ಅದಕ್ಕೂ ಮುಂಚೆ 1965ರಿಂದ 67ರ ತನಕ ನಮ್ಮ ಮೈಸೂರು ರಾಜ್ಯದ ರಾಜ್ಯಪಾಲರಾಗಿದ್ದರು. ಕಿಲ್ಮೇನಮ್ ಜೈಲನ್ನು ಸ್ಮಾರಕ ಅಂತ ಜನರಿಗೆ ತೆರೆದದ್ದು 1966ರಲ್ಲಿ. ಅಂದರೆ ಆಗ ಗಿರಿಯವರು ಬೆಂಗಳೂರಿನ ರಾಜಭವನದಲ್ಲಿದ್ದರು! ತರಗತಿಯಲ್ಲಿ ಇದನ್ನು ಹೇಳಿದಾಗಲೆಲ್ಲ ಹುಡುಗರ ಕಣ್ಣು ಅಗಲ ಆಗುತ್ತಿತ್ತು.

ಮಲೆನಾಡಿಗ

ಮೇಷ್ಟ್ರೇ, ಇದು ನನಗೆ ಹೊಸದು. ಕಾನೊಲಿಯನ್ನು ಕುರ್ಚಿಗೆ ಕಟ್ಟಿ ಗುಂಡಿಟ್ಟರು ಅಂತ ಕೇಳಿದ್ದೇನೆ. ಅವರಿದ್ದ ಕೋಣೆ ಯಾವುದು ಅಂತ ಈಗಲೂ ತೋರಿಸುತ್ತಾರಾ?

ಲಿಫಿ ದಂಡೆ

ಕಾನೊಲಿ ಈ ಜೈಲಿನಲ್ಲಿ ಇರಲೇ ಇಲ್ಲ. ಹೋರಾಟದಲ್ಲಿ ಕಾಲಿಗೆ ಗುಂಡು ಬಿದ್ದಿತ್ತು, ಡಬ್ಲಿನ್ ಕ್ಯಾಸಲ್‌ನಲ್ಲಿ ಚಿಕಿತ್ಸೆಯಲ್ಲಿದ್ದರು. ಮೇ 12ರ ಬೆಳಗ್ಗೆ ಆ್ಯಂಬುಲೆನ್ಸ್‌ನಲ್ಲಿ ನೇರ ಅಂಗಳಕ್ಕೆ ತಂದರು. ಎದ್ದು ನಿಲ್ಲುವ ಶಕ್ತಿ ಇರಲಿಲ್ಲ, ಅದಕ್ಕೇ ಕುರ್ಚಿ. ಉಳಿದವರನ್ನು ಅಂಗಳದ ಒಂದು ತುದಿಯಲ್ಲಿ ನಿಲ್ಲಿಸಿದ್ದರು. ಇವರನ್ನು ಮಾತ್ರ ಒಳಗೆ ಬರುವ ಗೇಟಿನ ಹತ್ತಿರದ ತುದಿಯಲ್ಲೇ ಕೂರಿಸಿದರು, ದೂರ ಹೊತ್ತುಕೊಂಡು ಹೋಗುವುದು ಬೇಡ ಅಂತ. ಅದಕ್ಕೇ ಅಲ್ಲಿ ಎರಡು ಶಿಲುಬೆ ಇವೆ, ಎರಡು ತುದಿಗೆ ಒಂದೊಂದು. ತುಂಬಾ ಜನ ಎರಡನೆಯದು ಯಾಕೆ ಅಂತ ಕೇಳುವುದೂ ಇಲ್ಲ. ದೇಹಗಳನ್ನು ಮನೆಯವರಿಗೆ ಕೊಡಲಿಲ್ಲ. ಆರ್ಬರ್ ಹಿಲ್‌ನ ಸೈನಿಕ ಜೈಲಿನ ಆವರಣಕ್ಕೆ ಒಯ್ದು ಸುಣ್ಣ ಸುರಿದು ಹೂತರು.

ಆ ದಿನಗಳ ಇನ್ನೊಂದು ಘಟನೆ. ಜೋಸೆಫ್ ಪ್ಲಂಕೆಟ್‌ಗೆ ಕ್ಷಯ, ಬಂಡಾಯಕ್ಕೆ ಸ್ವಲ್ಪ ಮುಂಚೆಯಷ್ಟೇ ಕುತ್ತಿಗೆಗೆ ಆಪರೇಷನ್ ಆಗಿತ್ತು. ಗ್ರೇಸ್ ಗಿಫರ್ಡ್ ಅನ್ನುವ ಚಿತ್ರಕಲಾವಿದೆ ಜೊತೆ ಮದುವೆ ನಿಶ್ಚಯವಾಗಿತ್ತು. ಮೇ 3ರಂದು ಅವಳು ಅಂಗಡಿಗೆ ಹೋಗಿ ಉಂಗುರ ತಗೊಂಡು ಜೈಲಿಗೆ ಬಂದಳು. ರಾತ್ರಿ ಜೈಲಿನ ಚಾಪೆಲ್‌ನಲ್ಲಿ ಮದುವೆ. ಸಾಕ್ಷಿಗೆ ಸಿಪಾಯಿಗಳು. ತಾಳಿ ಕಟ್ಟಿದ ಮೇಲೆ ಅಂತ ನಾವು ಹೇಳುತ್ತೇವಲ್ಲ, ಹಾಗೆ ಉಂಗುರ ತೊಡಿಸಿದ ಮೇಲೆ ಇಬ್ಬರನ್ನೂ ಮಾತಾಡಲು ಬಿಡಲಿಲ್ಲ. ಕೊನೆಗೊಮ್ಮೆ ಅವನ ಕೋಣೆಯಲ್ಲಿ ಹತ್ತು ನಿಮಿಷ ಕೊಟ್ಟರು, ಅದೂ ಕಾವಲಿನವರ ಎದುರಿಗೆ, ಗಡಿಯಾರ ನೋಡುತ್ತಾ. ಬೆಳಗಿನ ಜಾವ ಅವನನ್ನು ಅಂಗಳಕ್ಕೆ ಕರೆದುಕೊಂಡು ಹೋದರು.

ಸಾಗರದ ಸೊಸೆ

ಗ್ರೇಸ್ ಕಥೆ ಅಲ್ಲಿಗೆ ಮುಗಿಯಲಿಲ್ಲ. ಅದನ್ನೂ ಹೇಳಬೇಕು.

ಏಳು ವರ್ಷ ಆದ ಮೇಲೆ, 1923ರಲ್ಲಿ, ಅದೇ ಜೈಲಿಗೆ ಅವಳೇ ಕೈದಿಯಾಗಿ ಬಂದಳು. ಈ ಸಲ ಒಳಗೆ ಹಾಕಿದ್ದು ಬ್ರಿಟಿಷರಲ್ಲ, ಐರಿಷ್ ಸರ್ಕಾರ. ಬ್ರಿಟನ್ ಜೊತೆಗಿನ ಒಪ್ಪಂದವನ್ನು ಒಪ್ಪದವರ ಕಡೆ ಅವಳಿದ್ದಳು. ಕೋಣೆಯ ಗೋಡೆಯ ಮೇಲೆ ಮಗುವನ್ನು ಎತ್ತಿಕೊಂಡ ಮೇರಿಯಮ್ಮನ ಚಿತ್ರ ಬರೆದಳು. ಮೂಲ ಬಣ್ಣ ಮಾಸಿ ಹೋಗಿದ್ದರಿಂದ ಆಮೇಲೆ ಅದರ ಮೇಲೆ ಮತ್ತೆ ಬಣ್ಣ ತುಂಬಿದ್ದಾರೆ. ಬಾಗಿಲ ತೂತಿನಲ್ಲಿ ಇಣುಕಿದರೆ ಕಾಣುತ್ತದೆ. ಗಂಡನನ್ನು ಕಳಕೊಂಡ ಕಟ್ಟಡದಲ್ಲೇ ಕೂತು ಕುಂಚ ಹಿಡಿಯುವುದಕ್ಕೆ ಎಂಥ ಗುಂಡಿಗೆ ಬೇಕು!

ಆ ವರ್ಷ ಅಲ್ಲಿ ನೂರಾರು ಹೆಂಗಸರಿದ್ದರು. ಏಪ್ರಿಲ್ ಕೊನೆಗೆ ಅವರನ್ನು ಬೇರೆ ಕಡೆ ಸಾಗಿಸಲು ಹೊರಟಾಗ, ಉಪವಾಸ ಕೂತಿರುವ ನಮ್ಮ ಸಂಗಾತಿಗಳನ್ನು ಬಿಟ್ಟು ಬರಲ್ಲ ಅಂತ ಹೆಂಗಸರು ಮೇಲಿನ ಅಂತಸ್ತಿನಲ್ಲಿ ಒಬ್ಬರನ್ನೊಬ್ಬರು ಹಿಡಿದು ನಿಂತರು. ಅವರನ್ನು ಮೆಟ್ಟಿಲ ಮೇಲೆ ಎಳೆದು ಹೊರಗೆ ಹಾಕಿದರು. ಕಲ್ಲುಚಪ್ಪಡಿಯವರು ಹೇಳಿದ ಆ ಚೆಂದದ ಹಜಾರದ ಕಬ್ಬಿಣದ ಮೆಟ್ಟಿಲು ಅದೇ.

ಮಲೆನಾಡಿಗ

ತಡೀರಿ. ಸ್ವಾತಂತ್ರ್ಯ ಬಂದ ಮೇಲೆ ಅವರದೇ ಸರ್ಕಾರ ಅವರದೇ ಜನರನ್ನು ಅದೇ ಜೈಲಿಗೆ ಹಾಕಿತಾ?

ಲಿಫಿ ದಂಡೆ

ಹೌದು. ನಾನು ಈ ವಿಷಯ ಎತ್ತಿದ್ದಕ್ಕೆ ಮುಖ್ಯ ಕಾರಣವೇ ಇದು.

1921ರ ಕೊನೆಗೆ ಬ್ರಿಟನ್ ಜೊತೆ ಒಪ್ಪಂದ ಆಯಿತು. ಆರು ಕೌಂಟಿಗಳು ಬ್ರಿಟನ್ ಕಡೆಯೇ ಉಳಿದವು. ಉಳಿದ ಇಪ್ಪತ್ತಾರಕ್ಕೆ ಸ್ವಂತ ಆಡಳಿತ, ಆದರೆ ರಾಜನಿಗೆ ನಿಷ್ಠೆಯ ಪ್ರಮಾಣ. ಒಪ್ಪಿದವರು, ಒಪ್ಪದವರು ಅಂತ ಹೋರಾಟಗಾರರೇ ಎರಡಾದರು. 1922ರ ಜೂನ್‌ನಿಂದ 1923ರ ಮೇ ವರೆಗೆ ಅಂತರ್ಯುದ್ಧ. ಜೊತೆಯಲ್ಲಿ ಜೈಲು ಕಂಡವರೇ ಎದುರುಬದುರಾದರು.

1922ರ ನವೆಂಬರ್ 17ರಂದು ಪೀಟರ್ ಕ್ಯಾಸಿಡಿ, ಜೇಮ್ಸ್ ಫಿಶರ್, ಜಾನ್ ಗ್ಯಾಫ್ನಿ, ರಿಚರ್ಡ್ ಟೂಹಿಗ್ ಅನ್ನುವ ನಾಲ್ವರನ್ನು ಕಿಲ್ಮೇನಮ್‌ನಲ್ಲಿ ಗುಂಡಿಟ್ಟರು. ಇಪ್ಪತ್ತರ ಆಸುಪಾಸಿನ ಹುಡುಗರು. ಹೊರಿಸಿದ ತಪ್ಪು ಪರವಾನಗಿ ಇಲ್ಲದೆ ರಿವಾಲ್ವರ್ ಇಟ್ಟುಕೊಂಡದ್ದು. ಹೊಸ ಐರಿಷ್ ಸರ್ಕಾರ ಹಾಗೆ ಗುಂಡಿಟ್ಟು ಕೊಂದ ಎಪ್ಪತ್ತಕ್ಕೂ ಹೆಚ್ಚು ಜನರಲ್ಲಿ ಮೊದಲಿನವರು ಇವರು.

1924ರಲ್ಲಿ ಕೊನೆಯ ಕೈದಿಗಳೂ ಹೋದರು. ಅಲ್ಲಿಂದ ಮೂವತ್ತೈದು ವರ್ಷ ಕಟ್ಟಡ ಹಾಳು ಬಿತ್ತು. ಸರ್ಕಾರಕ್ಕೆ ಅದನ್ನು ಉಳಿಸುವ ಮನಸ್ಸಿರಲಿಲ್ಲ. 1930ರ ದಶಕದಲ್ಲಿ ಕೆಡವುವ ಯೋಚನೆ ಬಂತು, ಖರ್ಚು ಜಾಸ್ತಿ ಅಂತ ಬಿಟ್ಟರು. ಸೂರು ಕುಸಿಯಿತು, ಅಂಗಳದಲ್ಲಿ ಗಿಡಗಂಟಿ ಬೆಳೆಯಿತು. ನಾಯಕರು ಪ್ರಾಣ ಬಿಟ್ಟ ಅಂಗಳವೂ ಕಲ್ಲು ಕಸದ ರಾಶಿಯಾಯಿತು.

1958ರ ಹೊತ್ತಿಗೆ ಮತ್ತೆ ಕೆಡವುವ ಮಾತು ಬಂದಾಗ ಲಾರ್ಕನ್ ಲೆನರ್ಡ್ ಅನ್ನುವ ಯುವ ಎಂಜಿನಿಯರ್ ಒಂದಿಷ್ಟು ಜನರನ್ನು ಸೇರಿಸಿಕೊಂಡು ಪುನರುದ್ಧಾರ ಸಂಘ ಕಟ್ಟಿದರು. ದುಡ್ಡಿಲ್ಲ. ಅವರ ಲೆಕ್ಕ ಸರಳ: ಕೂಲಿ ಇಲ್ಲದೆ ದುಡಿಯುವ ಕೈಗಳು, ದಾನವಾಗಿ ಬರುವ ಸಾಮಾನು. ಕಾರ್ಮಿಕ ಸಂಘಗಳು ಒಪ್ಪಿಗೆ ಕೊಟ್ಟವು. ಸರ್ಕಾರ ವರ್ಷಕ್ಕೆ ಒಂದು ಪೆನ್ನಿ ಬಾಡಿಗೆಗೆ ಐದು ವರ್ಷ ಬಿಟ್ಟುಕೊಟ್ಟಿತು. 1960ರ ಮೇ 21ರಂದು ಅರವತ್ತು ಜನ ಸನಿಕೆ ಗುದ್ದಲಿ ಹಿಡಿದು ಒಳಗೆ ನುಗ್ಗಿದರು. ಬಡಗಿ, ಗಾರೆಯವರು, ಪ್ಲಂಬರ್‌ಗಳು, ಗುಮಾಸ್ತರು. ದಿನದ ಕೆಲಸ ಮುಗಿಸಿ ಸಂಜೆ ಬರುತ್ತಿದ್ದರು, ವಾರದ ಕೊನೆಗೆ ಬರುತ್ತಿದ್ದರು. 1966ರ ಈಸ್ಟರ್‌ಗೆ, ಬಂಡಾಯಕ್ಕೆ ಐವತ್ತು ತುಂಬಿದಾಗ, ಜನರಿಗೆ ತೆರೆದರು. ಉದ್ಘಾಟನೆ ಮಾಡಿದ್ದು ಅಧ್ಯಕ್ಷ ಡಿ ವಲೆರಾ. ಅವರೂ ಇದೇ ಜೈಲಿನಲ್ಲಿ ಇದ್ದವರು, 1916ರಲ್ಲಿ ಒಮ್ಮೆ, ಅಂತರ್ಯುದ್ಧದ ಕಾಲದಲ್ಲಿ ಇನ್ನೊಮ್ಮೆ. 1986ರಲ್ಲಿ ಸಂಘ ಅದನ್ನು ಸರ್ಕಾರಕ್ಕೆ ಒಪ್ಪಿಸಿತು.

ಈಗ ಅಸಲಿ ಮಾತು. ಆ ಕೆಲಸಕ್ಕೆ ಬಂದವರಲ್ಲಿ ಅಂತರ್ಯುದ್ಧದ ಎರಡೂ ಕಡೆಯವರಿದ್ದರು. ಹಳೇ ಗಾಯ ಕೆದಕಿದರೆ ಮರುದಿನವೇ ಸಂಘ ಒಡೆಯುತ್ತಿತ್ತು. ಅದಕ್ಕೆ ಒಂದು ತೀರ್ಮಾನ ಮಾಡಿಕೊಂಡರು. 1921ರ ಆಚೆಗೆ ಏನಾಯಿತು ಅನ್ನುವುದನ್ನು ಇಲ್ಲಿ ಹೇಳಕೂಡದು. ಪ್ರದರ್ಶನದಲ್ಲೂ ಇಲ್ಲ, ಮಾತಲ್ಲೂ ಇಲ್ಲ. ಆ ನಾಲ್ಕು ಹುಡುಗರ ಹೆಸರು ಬಹಳ ವರ್ಷ ಅಲ್ಲಿ ಕೇಳಲಿಲ್ಲ.

ಹಳೇಪೇಟೆ

ಇದು ನನಗೆ ಒಪ್ಪಿಗೆ ಇಲ್ಲ. ಬ್ರಿಟಿಷರು ಕೊಂದ ಹದಿನಾಲ್ಕು ಜನರಿಗೆ ಶಿಲುಬೆ, ತಮ್ಮವರೇ ಕೊಂದ ನಾಲ್ಕು ಹುಡುಗರಿಗೆ ಮೌನ. ಅವರ ತಾಯಂದಿರು 1966ರಲ್ಲಿ ಆ ಸಮಾರಂಭ ನೋಡಿದ್ದರೆ ಏನು ಅನ್ನಿಸಿರಬೇಕು? ಅರ್ಧ ಹೇಳಿದ ಇತಿಹಾಸ ಇತಿಹಾಸವಲ್ಲ.

ಕಲ್ಲುಚಪ್ಪಡಿ

ನಿಮ್ಮ ಸಿಟ್ಟು ಅರ್ಥವಾಗುತ್ತದೆ. ಆದರೆ ಕಟ್ಟಡದ ಲೆಕ್ಕ ಬೇರೆ. ಸೂರು ಹೋದ ಕಲ್ಲಿನ ಕಟ್ಟಡಕ್ಕೆ ಕಾಲಾವಕಾಶ ಕಡಿಮೆ. ಗೋಡೆಯ ತಲೆಯಿಂದ ನೀರು ಒಳಗಿಳಿಯುತ್ತದೆ, ಗಾರೆ ತೊಳೆದು ಹೋಗುತ್ತದೆ, ಸಂದಿಯಲ್ಲಿ ಬೇರು ಇಳಿಯುತ್ತದೆ. ಹಿಮ ಬೀಳುವ ಊರಲ್ಲಿ ಆ ನೀರು ಹೆಪ್ಪುಗಟ್ಟಿ ಕಲ್ಲನ್ನೇ ಸೀಳುತ್ತದೆ. 1960ರಲ್ಲಿ ಆ ಜನ ಸತ್ಯದ ಬಗ್ಗೆ ಜಗಳ ಆಡುತ್ತಾ ಕೂತಿದ್ದರೆ, ಜಗಳ ಮುಗಿಯುವ ಹೊತ್ತಿಗೆ ಸತ್ಯ ಹೇಳುವುದಕ್ಕೆ ಗೋಡೆಯೇ ಇರುತ್ತಿರಲಿಲ್ಲ. ಮಾತನ್ನು ಆಮೇಲೆ ಆಡಬಹುದು. ಬಿದ್ದ ಗೋಡೆಯನ್ನು ಮತ್ತೆ ಕಟ್ಟಿದರೆ ಅದು ಹೊಸ ಗೋಡೆ.

ಹಳೇಪೇಟೆ

ಆಮೇಲೆ ಆಡಬಹುದು ಅಂತ ಬಿಟ್ಟದ್ದು ಎಷ್ಟೋ ಸಲ ಬಿಟ್ಟೇ ಹೋಗುತ್ತದೆ ಸರ್. ನೋಡಿದವರು ಒಬ್ಬೊಬ್ಬರಾಗಿ ಕಣ್ಣು ಮುಚ್ಚುತ್ತಾರೆ. ಹೊರಗೆ ಹೇಳದಿದ್ದರೂ ಬರೆದಾದರೂ ಇಡಬಹುದಿತ್ತು ಅನ್ನುವುದು ನನ್ನ ವಾದ.

ಮೇಷ್ಟ್ರು ಧಾರವಾಡ

ಇಬ್ಬರೂ ಹೇಳುವುದರಲ್ಲಿ ಹುರುಳಿದೆ. ನಾನು ನಮ್ಮ ಊರಿನ ಉದಾಹರಣೆ ಕೊಡುತ್ತೇನೆ.

1975ರ ಜೂನ್ 25ರ ರಾತ್ರಿ ತುರ್ತು ಪರಿಸ್ಥಿತಿ ಬಂದ ಮೇಲೆ, ಸಂಸತ್ತಿನ ಸಮಿತಿ ಕೆಲಸಕ್ಕೆ ಬೆಂಗಳೂರಿಗೆ ಬಂದಿದ್ದ ವಾಜಪೇಯಿ, ಅಡ್ವಾಣಿ, ಮಧು ದಂಡವತೆ ಅವರನ್ನು ಇಲ್ಲೇ ಹಿಡಿದು ಸೆಂಟ್ರಲ್ ಜೈಲಿಗೆ ಹಾಕಿದರು. ಕನ್ನಡ ಸಿನಿಮಾ, ರಂಗಭೂಮಿಯ ಕಲಾವಿದೆ ಸ್ನೇಹಲತಾ ರೆಡ್ಡಿ ಅವರನ್ನು 1976ರಲ್ಲಿ ಹಿಡಿದು ಅದೇ ಜೈಲಿನಲ್ಲಿಟ್ಟರು. ಅವರಿಗೆ ಆಸ್ತಮಾ. ಒಳಗೆ ಅದು ವಿಪರೀತ ಆಯಿತು. 1977ರ ಜನವರಿಯಲ್ಲಿ ಬಿಟ್ಟರು, ಕೆಲವೇ ದಿನಗಳಲ್ಲಿ ತೀರಿಕೊಂಡರು. ಅವರು ಜೈಲಿನಲ್ಲಿ ಬರೆದ ದಿನಚರಿ ಇರುವುದರಿಂದ ನಮಗೆ ಅಷ್ಟಾದರೂ ಗೊತ್ತು. ಇದೂ ಸ್ವಾತಂತ್ರ್ಯ ಬಂದ ಮೇಲಿನ ಕಥೆಯೇ, ನಮ್ಮವರೇ ನಮ್ಮವರನ್ನು ಒಳಗೆ ಹಾಕಿದ ಕಥೆ.

ಕೈದಿಗಳನ್ನು ಪರಪ್ಪನ ಅಗ್ರಹಾರಕ್ಕೆ ಸಾಗಿಸಿದ ಮೇಲೆ ಹಳೇ ಜೈಲಿನ ಜಾಗ 2008ರಲ್ಲಿ ಫ್ರೀಡಂ ಪಾರ್ಕ್ ಆಯಿತು. ಗೋಪುರ, ಕೆಲವು ಬ್ಯಾರಕ್, ಗೋಡೆಯ ಒಂದಿಷ್ಟು ಭಾಗ ಉಳಿಸಿದ್ದಾರೆ. ಹೋರಾಟ, ಧರಣಿ ಎಲ್ಲ ಈಗ ಅಲ್ಲೇ. ಜೈಲಿದ್ದ ಜಾಗದಲ್ಲಿ ಜನ ದನಿ ಎತ್ತುತ್ತಾರೆ ಅನ್ನುವುದು ನನಗೆ ಸಮಾಧಾನ ಕೊಡುತ್ತದೆ. ಆದರೆ ಕಿಲ್ಮೇನಮ್‌ನಲ್ಲಿ ಒಬ್ಬ ಗೈಡ್ ಜೊತೆಗೆ ಬಂದು, ಈ ಕೋಣೆಯಲ್ಲಿ ಇಂಥವರಿದ್ದರು ಅಂತ ನಿಲ್ಲಿಸಿ ಹೇಳುತ್ತಾರಲ್ಲ, ಆ ವ್ಯವಸ್ಥೆ ನಮ್ಮಲ್ಲೂ ಬೇಕು. ಸ್ನೇಹಲತಾ ಅವರ ಹೆಸರನ್ನು ಬೆಂಗಳೂರಿನ ಪ್ರತಿ ಶಾಲೆಯ ಹುಡುಗಿಯೂ ಅಲ್ಲಿ ನಿಂತು ಕೇಳಬೇಕು.

ಮಲೆನಾಡಿಗ

ಐರಿಷ್ ಕೈದಿಗಳ ವಿಷಯದಲ್ಲಿ ನಮ್ಮ ದೇಶದಲ್ಲೇ ಇನ್ನೊಂದು ಜೈಲಿದೆ. ಹಿಮಾಚಲದ ದಗ್‌ಶಾಯ್. 1920ರಲ್ಲಿ ಜಲಂಧರ್‌ನಲ್ಲಿದ್ದ ಕನಾಟ್ ರೇಂಜರ್ಸ್ ಅನ್ನುವ ಐರಿಷ್ ಪಡೆಯ ಸಿಪಾಯಿಗಳು, ಊರಲ್ಲಿ ನಮ್ಮ ಜನರ ಮೇಲೆ ಬ್ರಿಟಿಷರು ಕೈ ಮಾಡುತ್ತಿರುವಾಗ ನಾವು ಇಲ್ಲಿ ಅವರ ಸೇವೆ ಮಾಡಲ್ಲ ಅಂತ ಬಂದೂಕು ಕೆಳಗಿಟ್ಟರು. ದಂಗೆ ಸೋಲನ್‌ಗೂ ಹಬ್ಬಿತು. ಜೇಮ್ಸ್ ಡೇಲಿ ಅನ್ನುವ ಹುಡುಗನಿಗೆ ನವೆಂಬರ್ 2ರಂದು ದಗ್‌ಶಾಯ್‌ನಲ್ಲಿ ಗುಂಡಿಟ್ಟರು. 1970ರಲ್ಲಿ ಅವನ ಅಸ್ಥಿಯನ್ನು ಐರ್ಲೆಂಡಿಗೆ ಒಯ್ದರು. ಶಿಮ್ಲಾ ಕಡೆ ಹೋಗುವವರು ಆ ಜೈಲು ನೋಡಿ, ಈಗ ಮ್ಯೂಸಿಯಂ ಇದೆ.

ಲಿಫಿ ದಂಡೆ

ಎಲ್ಲರಿಗೂ ಥ್ಯಾಂಕ್ಸ್. ಹಳೇಪೇಟೆಯವರ ಮಾತಿಗೆ ನನ್ನ ಉತ್ತರ ಹೇಳುತ್ತೇನೆ. 1960ರಲ್ಲಿ ಬಾಯಿ ಮುಚ್ಚಿಕೊಂಡದ್ದು ಸರಿ ಅಂತಲೇ ನನ್ನ ಅಭಿಪ್ರಾಯ. ಎದುರಾಳಿಗಳು ಒಂದೇ ಕಲ್ಲಿನ ಎರಡು ತುದಿ ಹಿಡಿದು ಎತ್ತಿದರಲ್ಲ, ಅದು ಸಣ್ಣ ಮಾತಲ್ಲ. ಆದರೆ ಆ ಮೌನಕ್ಕೆ ಬೆಲೆ ತೆತ್ತದ್ದು ಆ ನಾಲ್ಕು ಮನೆಗಳು. ಅದನ್ನೂ ಮರೆಯಬಾರದು. ಸರ್ಕಾರ ವಹಿಸಿಕೊಂಡ ಮೇಲೆ ನಿಧಾನಕ್ಕೆ ಕಟ್ಟು ಸಡಿಲವಾಯಿತು. ಈಗ ಅಂತರ್ಯುದ್ಧದ ಕೈದಿಗಳ ಬಗ್ಗೆ, ಹೆಂಗಸರ ಬಗ್ಗೆ, ಆ ನಾಲ್ವರ ಬಗ್ಗೆ ಗೈಡ್‌ಗಳು ತಾವಾಗೇ ಹೇಳುತ್ತಾರೆ.

ನೋಡಲು ಬರುವವರಿಗೆ: ಒಳಗೆ ಗೈಡ್ ಜೊತೆಗೇ ಹೋಗಬೇಕು, ಟಿಕೆಟ್ ಮುಂಚೆಯೇ ಆನ್‌ಲೈನ್‌ನಲ್ಲಿ ತಗೊಳ್ಳಿ. ಸುಮ್ನೆ ಬಂದು ನಿಂತರೆ ಸಿಗುವುದು ಕಷ್ಟ. ಪ್ರವೇಶ ಈಗ ಪಕ್ಕದ ಹಳೇ ಕೋರ್ಟ್ ಕಟ್ಟಡದಿಂದ. ಆ ಕೋರ್ಟ್ 1820ರದು. ಶಿಕ್ಷೆ ಆದವರು ಪಕ್ಕಕ್ಕೇ ನಡೆದು ಹೋಗುತ್ತಿದ್ದರು. ಕೊನೆಯಲ್ಲಿ ಮ್ಯೂಸಿಯಂಗೆ ಸಮಯ ಇಟ್ಟುಕೊಳ್ಳಿ, ಮರಣದಂಡನೆ ಆದವರು ಮನೆಗೆ ಬರೆದ ಕಾಗದಗಳು ಅಲ್ಲಿವೆ. ಗೈಡ್ ಆ್ಯನ್ ಡೆವ್ಲಿನ್ ಹೆಸರು ಎತ್ತದಿದ್ದರೆ ನೀವೇ ಕೇಳಿ.

ಇನ್ನೊಂದು ಕೋರಿಕೆ. ನಮ್ಮ ಬೆಂಗಳೂರಿನ ಹಳೇ ಸೆಂಟ್ರಲ್ ಜೈಲಿನಲ್ಲಿ ನಿಮ್ಮ ಮನೆಯ ಹಿರಿಯರು ಯಾರಾದರೂ ಇದ್ದಿದ್ದರೆ, ಕೈದಿಯಾಗಿಯೋ ಕೆಲಸದವರಾಗಿಯೋ, ಅವರು ಹೇಳಿದ್ದನ್ನು ಇಲ್ಲಿ ಬರೆಯಿರಿ. ಹೆಸರು ಹಾಕಬೇಕಾಗಿಲ್ಲ. ಅವರು ಇನ್ನೂ ನಮ್ಮ ನಡುವೆ ಇದ್ದರೆ ಕೂರಿಸಿಕೊಂಡು ಫೋನಿನಲ್ಲಿ ರೆಕಾರ್ಡ್ ಮಾಡಿ.

ಸಾಗರದ ಸೊಸೆ

ನಮ್ಮ ಮಾವನವರ ಅಣ್ಣ ತುರ್ತು ಪರಿಸ್ಥಿತಿಯಲ್ಲಿ ಒಳಗಿದ್ದವರು. ಈ ಭಾನುವಾರವೇ ಹೋಗಿ ಕೇಳುತ್ತೇನೆ.